ಓಡದ ಕಾರಿಗೊಬ್ಬ ಗಿರಾಕಿ

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ನಮ್ಮಮ್ಮ ಕಾರಿನ ಸೀಟಿನಿಂದ ಏಳುವುದಿಲ್ಲ ಎಂದು ಕೂತುಬಿಟ್ಟಳು. ಕಾರು ಎಲ್ಲಿಗೆ ಹೊರಟಿತ್ತು ಎಂದು ಕೇಳಬೇಡಿ. ಕಾರು ಹಿತ್ತಲಿನ ಶೆಡ್ಡಿನಲ್ಲಿತ್ತು. ಸೀಟು ಮುಂದಿನ ಜಗಲಿಯ ಮೇಲಿತ್ತು. ಸೀಟಿನ ಮೇಲೆ ಅಮ್ಮ, ಅಮ್ಮನ ಮಡಿಲಲ್ಲಿ ಅವರೆಕಾಯಿಯ ಮೊರ.

ನನ್ನ ಕಾರಿನ ವಿಷಯ ಈ ಅಂಕಣದ ಖಾಯಂ ಓದುಗರಿಗೆ ಹೊಸದಲ್ಲ. ಗೊತ್ತಿಲ್ಲದ ಪುಣ್ಯವಂತರಿಗೆ ಎರಡು ಮಾತು ಹೇಳಿಬಿಡುತ್ತೇನೆ.

ಯುದ್ಧಕ್ಕೆ ಮುಂಚೆ ದಂಡಿನ, ಅಂದರೆ ಕಂಟೋನ್ಮೆಂಟಿನ, ಒಬ್ಬ ಕರ್ನಲ್ ಸಾಹೇಬರು ಊರು ಬಿಡುವಾಗ ಅವರ ಬಂಗಲೆಯ ಸಾಮಾನು ಹರಾಜಿಗೆ ಬಂತು. ನನ್ನ ಹೆಂಡತಿ ಜಯಮ್ಮ, ಸೀರೆ ಇಡೋಕೆ ಒಂದು ಬೀರು ತನ್ನಿ ಎಂದು ಕಳಿಸಿದಳು. ನಾನು ಕಾರು ತಂದೆ. (ಬೀರು ಕೂಗುವ ಹೊತ್ತಿಗೆ ನಾನು ಕಾರಿನ ಕೆಳಗೆ ಅಂಗಾತ ಮಲಗಿದ್ದೆ.) ಐದು ಸೀಟು, ಕ್ಯಾನ್ವಾಸ್ ಹುಡ್ಡು, ಹಿತ್ತಾಳೆಯ ದೀಪಗಳು. ಹಳೆಯ ಟೂರರ್. ಕಂಪನಿಯ ಹೆಸರು ಹೇಳುವುದಿಲ್ಲ, ಅವರಿಗೆ ಬೇಜಾರಾದೀತು. ಒಂದು ಜೊತೆ ಎತ್ತು ಕಟ್ಟಿಸಿ ಹಲಸೂರಿನ ತನಕ ಎಳೆಸಿಕೊಂಡು ಬಂದೆ. ಜಯಮ್ಮನ ಸೀರೆಗಳು ಇವತ್ತಿಗೂ ಟ್ರಂಕಿನಲ್ಲೇ ಇವೆ.

ಅಂದಿನಿಂದ ಕಾರು ರಿಪೇರಿಯಲ್ಲಿದೆ. ಹನ್ನೊಂದು ವರ್ಷ.

ನಡುವೆ ಯುದ್ಧ ಬಂತು, ಹೋಯಿತು. ಮಿಲಿಟರಿಯವರು ಖಾಸಗಿ ಕಾರುಗಳನ್ನು ಎತ್ತಿಕೊಂಡು ಹೋಗುತ್ತಾರೆ ಎಂದು ಸುದ್ದಿ ಹಬ್ಬಿದಾಗ ನಾನು ಎರಡು ದಿನ ಊಟ ಬಿಟ್ಟಿದ್ದೆ. ನೋಡಲು ಬಂದ ಸಾರ್ಜೆಂಟು ಬಾನೆಟ್ ಎತ್ತಿದ, ಇಳಿಸಿದ, ನನ್ನ ಬೆನ್ನು ತಟ್ಟಿ ಹೊರಟುಹೋದ. ಪೆಟ್ರೋಲಿಗೆ ಕೂಪನ್ ಬಂತು. ಸ್ವರಾಜ್ಯವೂ ಬಂತು. ಕಾರು ಸ್ಟಾರ್ಟ್ ಆಗಲಿಲ್ಲ.

ಬಿಚ್ಚಿದ್ದನ್ನೆಲ್ಲ ಮನೆ ಒಂದೊಂದಾಗಿ ನುಂಗಿತು. ಹಾರ್ನ್ ಗೇಟಿಗೆ ಹೋಯಿತು, ಹಾಲಿನವನು ಅದನ್ನು ಒತ್ತಿದರೆ ಬೀದಿಗೆಲ್ಲ ಬೆಳಗಾಗುತ್ತದೆ. ಬಾನೆಟ್ಟಿನ ಮೇಲೆ ಸಂಡಿಗೆ ಒಣಗುತ್ತದೆ. ಮುಂದಿನ ಸೀಟು ಜಗಲಿಗೆ ಬಂತು, ಅಮ್ಮನಿಗೆ ಸೊಂಟಕ್ಕೆ ಹಿತವಾಯಿತು, ಅಲ್ಲೇ ಉಳಿಯಿತು. ಬಂದ ನೆಂಟರನ್ನೂ ಅದರ ಮೇಲೇ ಕೂರಿಸುತ್ತೇವೆ.

ಇಷ್ಟೆಲ್ಲ ಯಾಕೆ ಸ್ವಾಮಿ, ಮಾರಿಬಿಡಬಾರದೇ ಅನ್ನುತ್ತೀರಿ. ಇದರ ಹಿಂದೆ ಒಂದು ಘನ ಉದ್ದೇಶವಿದೆ. ಅಮ್ಮನ ತವರು ಕೃಷ್ಣರಾಜಪುರದ ಪಕ್ಕದ ಒಂದು ಹಳ್ಳಿ. ಕಾರು ಬಂದ ದಿನ ಅಮ್ಮ ಅದಕ್ಕೆ ಕುಂಕುಮ ಇಟ್ಟು, "ಒಂದ್ಸಲ ಇದರಲ್ಲಿ ನನ್ನ ತವರಿಗೆ ಕರ್ಕೊಂಡ್ಹೋಗಪ್ಪ. ನಮ್ಮಣ್ಣ ನೋಡ್ಲಿ" ಅಂದಳು. ನಾನು ಎಲ್ಲರೆದುರು ಮಾತು ಕೊಟ್ಟೆ. ಬರೋ ಯುಗಾದಿಗೆ ಹೋಗೋಣ ಅಂದೆ. ಕಾರಿಲ್ಲದೆ ಆ ಊರಿಗೆ ಕಾಲಿಡುವುದಿಲ್ಲ ಎಂದು ಶಪಥವನ್ನೂ ಮಾಡಿದೆ. (ಯಾವ ಯುಗಾದಿ ಎಂದು ಹೇಳಿರಲಿಲ್ಲ, ಅದೊಂದು ಬಚಾವು.) ಅಂದಿನಿಂದ ಅಮ್ಮ ತವರಿನ ಸುದ್ದಿ ಎತ್ತಲಿಲ್ಲ. ನನ್ನ ಕಾರಿಗಾಗಿ ಕಾಯುತ್ತಿದ್ದಾಳೆ ಎಂದು ನಾನು ತಿಳಿದಿದ್ದೆ. ಆ ಹಳ್ಳಿ ನಮ್ಮ ಮನೆಯಿಂದ ಎಷ್ಟು ದೂರ ಗೊತ್ತೆ? ಏಳು ಮೈಲಿ.

ಹಾಗಾಗಿ ಪ್ರತಿ ಭಾನುವಾರ ಬೆಳಿಗ್ಗೆ ಒಂದು ಪಾರ್ಟನ್ನು ಪೇಪರಿನಲ್ಲಿ ಸುತ್ತಿಕೊಂಡು ಸೈಕಲ್ ಹತ್ತುತ್ತೇನೆ. ಬ್ಲ್ಯಾಕ್‌ಪಲ್ಲಿಯಲ್ಲಿ ಗಫೂರ್ ಸಾಹೇಬರ ಗ್ಯಾರೇಜಿದೆ. ಇಡೀ ದಿನ ಅಲ್ಲಿ ತಿಕ್ಕಿ, ತೊಳೆದು, ಚಹಾ ಕುಡಿದು, ಅದೇ ಪಾರ್ಟನ್ನು ಅದೇ ಪೇಪರಿನಲ್ಲಿ ಸುತ್ತಿಕೊಂಡು ದೀಪ ಹಚ್ಚುವ ಹೊತ್ತಿಗೆ ವಾಪಸ್ಸು. ಮನೆಯೊಳಗೆ ಕಾಲಿಟ್ಟರೆ ಚಳಿಗಾಲದಲ್ಲಿ ಸೊಗಡವರೆ ಸಾರಿನ ಘಮ, ಬೇರೆ ಕಾಲದಲ್ಲಿ ಎಳೆ ನುಗ್ಗೆಕಾಯಿ. ಭಾನುವಾರದ ಊಟಕ್ಕೆ ಒಂದು ಬೇರೆಯೇ ರುಚಿ. ದುಡಿದು ಬಂದವನ ಹಸಿವಿನ ರುಚಿ ಅಂದುಕೊಂಡಿದ್ದೆ.

ಅಮ್ಮ ಸೀಟಿನಲ್ಲಿ ಕೂತುಬಿಟ್ಟ ದಿನಕ್ಕೆ ಒಂದು ವಾರ ಮುಂಚೆ ಪೆರೇರಾ ಸಾಹೇಬರು ಸಿಕ್ಕಿದ್ದು ಗಫೂರರ ಗ್ಯಾರೇಜಿನಲ್ಲೇ. ರಿಚರ್ಡ್ಸ್ ಟೌನಿನವರು, ರೈಲ್ವೆಯಲ್ಲಿ ಫಿಟ್ಟರ್ ಆಗಿದ್ದು ರಿಟೈರ್ ಆದವರು. ಅವರ ಹತ್ತಿರವೂ ಒಂದು ಹಳೆಯ ಕಾರಿತ್ತು. ಅದನ್ನು ಅವರೇ ಬಿಚ್ಚಿ, ಅವರೇ ಜೋಡಿಸಿ, ಮುಗಿಸಿದ್ದರು.

"ನಮ್ದು ಗಾಡಿ ಓಡ್ತದೆ ಮೇಷ್ಟ್ರೇ. ಅದೇ ಟ್ರಬಲ್" ಅಂದರು.

ಓಡುವುದು ಹೇಗೆ ತೊಂದರೆಯಾಗುತ್ತದೆ?

"ಕೈಗೆ ಕೆಲಸ ಇಲ್ಲ. ಬೆಳಿಗ್ಗೆ ಎದ್ದು ಒರೆಸ್ತೀನಿ. ಆಮೇಲೆ? ಪೆಟ್ರೋಲ್ ಕೂಪನ್ ಒಂದೇ ವಾರಕ್ಕೆ ಫಿನಿಷ್. ಮಿಸೆಸ್ ಹೇಳ್ತಾಳೆ, ಮಾರ್ಕೆಟ್‌ಗೆ ಹೋಗು, ಚರ್ಚ್‌ಗೆ ಹೋಗು, ಎದುರಿಗೆ ಕೂತ್ಕೋಬೇಡ. ನಿಮ್ದು ಗಾಡಿ ಕೊಡಿ, ನಮ್ದು ತಗೊಳ್ಳಿ. ಈವನ್ ಎಕ್ಸ್‌ಚೇಂಜ್."

ಓಡದ ಕಾರನ್ನು ಓಡುವುದಿಲ್ಲ ಎಂಬ ಕಾರಣಕ್ಕೇ ಕೇಳಿಕೊಂಡು ಬಂದ ಗಿರಾಕಿಯನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡೆ. ಅವರದು ಒಂದೇ ಷರತ್ತು. ಒಂದು ನಟ್ಟೂ ಬಿಡದಂತೆ ಇಡೀ ಕಾರು ಬರಬೇಕು, ಮುಂದಿನ ಭಾನುವಾರ ಮಧ್ಯಾಹ್ನದೊಳಗೆ.

ಅವತ್ತೇ ರಿಚರ್ಡ್ಸ್ ಟೌನಿಗೆ ಹೋಗಿ ಅವರ ಕಾರು ನೋಡಿದೆ. ಹಸಿರು ಬಣ್ಣ, ಎರಡೇ ಸೀಟು, ಗಿಡ್ಡ ಬಾಲ. ಹ್ಯಾಂಡಲ್ ಹಾಕಿ ಒಂದು ಸಲ ತಿರುಗಿಸಿದರು. ಮರ್ಯಾದೆಯಿಲ್ಲದ ಕಾರು, ಒಂದೇ ತಿರುವಿಗೆ ಸ್ಟಾರ್ಟ್ ಆಗಿಬಿಟ್ಟಿತು. ಫ್ರೇಜರ್ ಟೌನಿನ ತನಕ ಒಂದು ಸುತ್ತು ಹೊಡೆದೆವು. ಸುಖವಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಕೈಯಲ್ಲಿ ಸ್ಪ್ಯಾನರ್ ಇಲ್ಲದೆ ಕಾರಿನಲ್ಲಿ ಕೂತದ್ದು ಅದೇ ಮೊದಲು. ಕೈ ಎಲ್ಲಿಡುವುದು ಎಂದೇ ತಿಳಿಯಲಿಲ್ಲ.

ಮನೆಗೆ ಬಂದು ಹೇಳಿದರೆ ಜಯಮ್ಮ ಕೇಳಿದ್ದು ಒಂದೇ ಪ್ರಶ್ನೆ.

"ಎಷ್ಟು ಸೀಟು?"

"ಎರಡು."

"ಓಡ್ಸೋರು ನೀವು. ಪಕ್ಕದಲ್ಲಿ ಅತ್ತೇನಾ, ನಾನಾ?"

ಇದಕ್ಕೆ ಉತ್ತರ ಕೊಟ್ಟು ಬದುಕಿದ ಗಂಡಸು ಹಲಸೂರಿನಲ್ಲಿ ಇಲ್ಲ. ಹಿಂದೆ ಡಿಕ್ಕಿ ಇದೆ, ಮುಚ್ಚಳ ಎತ್ತಿದರೆ ಒಬ್ಬರು ಕೂರಬಹುದು ಅಂದೆ.

"ಮುಚ್ಚಳ ಎತ್ತಿ ಕೂರೋಕೆ ನಾನೇನು ಉಪ್ಪಿನಕಾಯಾ?" ಎಂದು ಒಳಗೆ ಹೋದಳು.

ಆ ವಾರ ಸ್ಕೂಲಿನಲ್ಲಿ ನಾನು ಏನು ಪಾಠ ಮಾಡಿದೆನೋ ದೇವರಿಗೇ ಗೊತ್ತು. ಬೋರ್ಡಿನ ಮೇಲೆ ತ್ರಿಕೋನ ಬರೆಯಲು ಹೋಗಿ ಮಡ್‌ಗಾರ್ಡ್ ಬರೆದೆ. ಓಡದ ಐದು ಸೀಟೋ, ಓಡುವ ಎರಡು ಸೀಟೋ? ಬುಧವಾರ ಸಂಜೆ ಗಫೂರ್ ಸಾಹೇಬರನ್ನೇ ಕೇಳಿದೆ.

"ನಿಮ್ದು ಇಂಜನ್ ನಂಬರ್ ಒನ್ ಇದೆ ಮಾಸ್ಟರ್ ಸಾಬ್. ಸ್ಟಾರ್ಟ್ ಒಂದು ಆಗಲ್ಲ, ಬಾಕಿ ಎಲ್ಲಾ ಸರಿ ಇದೆ" ಅಂದರು. ಆಮೇಲೆ, "ಓಡೋ ಗಾಡಿ ತಗೊಂಡ್ರೆ ಇಲ್ಲಿಗೆ ಯಾಕೆ ಬರ್ತೀರಾ ನೀವು?" ಎಂದು ಕೇಳಿದರು. ಇನ್ನೊಂದು ಚಹಾ ಹೇಳಿದರು, ಕುಡಿದು ಬಂದೆ.

ಗುರುವಾರ ಅಮ್ಮ ಜಗಲಿಯಿಂದ ಇಳಿಯುವಾಗ ಕಂಬ ಹಿಡಿದು ಇಳಿದದ್ದು ಕಣ್ಣಿಗೆ ಬಿತ್ತು. ಮೊದಲು ಕಂಬ ಹಿಡಿಯುತ್ತಿರಲಿಲ್ಲ. ಎಪ್ಪತ್ತು ದಾಟಿದೆ. ಇನ್ನೆಷ್ಟು ಯುಗಾದಿ? ಅಲ್ಲಿಗೆ ತೀರ್ಮಾನವಾಯಿತು. ಕಾರು ಕೊಟ್ಟುಬಿಡುತ್ತೇನೆ. ಅಮ್ಮನನ್ನು ಆ ಹಸಿರು ಕಾರಿನಲ್ಲಿ ಕೂರಿಸಿಕೊಂಡು ಭಾನುವಾರವೇ ತವರಿಗೆ ಹೋಗುತ್ತೇನೆ. ಜಯಮ್ಮನಿಗೆ ಬೀರು ಕೊಡಿಸಿ ಸಮಾಧಾನ ಮಾಡಿದರಾಯಿತು. ತ್ಯಾಗ ಮಾಡಲು ಹೊರಟವನಿಗೆ ತನ್ನ ಮೇಲೇ ಎಷ್ಟು ಗೌರವ ಹುಟ್ಟುತ್ತದೆ ನೋಡಿ. ಎರಡು ದಿನ ನಾನು ಮನೆಯಲ್ಲಿ ಮೆಲ್ಲಗೆ ಮಾತಾಡುತ್ತಾ ಓಡಾಡಿದೆ.

ಶನಿವಾರ ಕಾರನ್ನು ಮನೆಯೊಳಗಿಂದ ಒಟ್ಟುಗೂಡಿಸಿದೆ. ಗೇಟಿನಿಂದ ಹಾರ್ನ್ ಬಿಚ್ಚಿದೆ. ಬಾನೆಟ್ಟಿನ ಮೇಲಿನ ಸಂಡಿಗೆಯನ್ನು ಚಾಪೆಗೆ ಸುರಿದೆ. ದೀಪಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿದೆ. ಕೊನೆಗೆ ಒಬ್ಬನೇ ಕಾರಿನೊಳಗೆ ಸೀಮೆಎಣ್ಣೆ ಡಬ್ಬದ ಮೇಲೆ ಕೂತು ಸ್ಟೀರಿಂಗ್ ಹಿಡಿದು ಬಾಯಲ್ಲೇ ಒಂದು ಸಲ ಬುರ್ರ್ ಅಂದೆ. ಕಣ್ಣಲ್ಲಿ ನೀರು ಬಂತು. ಯಾರೂ ನೋಡಲಿಲ್ಲ.

ಉಳಿದದ್ದು ಸೀಟು. ಭಾನುವಾರ ಬೆಳಿಗ್ಗೆ ಎತ್ತಿನ ಗಾಡಿಯವನು ಬಾಗಿಲಿಗೆ ಬಂದು ನಿಂತ. ಜಗಲಿಗೆ ಹೋದೆ.

"ಏಳಮ್ಮ, ಸೀಟು ಬೇಕು."

"ಯಾಕೆ?"

"ಕಾರು ಬದಲಾಯಿಸ್ತಾ ಇದೀನಿ. ಓಡೋ ಕಾರು ಬರತ್ತೆ. ಮಧ್ಯಾಹ್ನವೇ ನಿನ್ನ ತವರಿಗೆ ಕರ್ಕೊಂಡ್ಹೋಗ್ತೀನಿ."

ಅಮ್ಮ ಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ. "ನಾನು ಏಳಲ್ಲ. ಹೋದ ಭಾನುವಾರ ತಾನೇ ತವರಿಗೆ ಹೋಗಿದ್ನಲ್ಲ" ಅಂದಳು.

ಬಾಗಿಲಲ್ಲಿ ನಿಂತಿದ್ದ ಜಯಮ್ಮ ತಕ್ಷಣ ಅಡಿಗೆಮನೆಗೆ ಹೋದಳು.

"ಹೋಗಿದ್ಯಾ? ಹೇಗೆ?"

"ರೈಲಲ್ಲಿ. ದಂಡಿನ ಸ್ಟೇಷನ್‌ನಲ್ಲಿ ಹತ್ತೋದು, ಕೃಷ್ಣರಾಜಪುರದಲ್ಲಿ ಇಳಿಯೋದು. ನಾನು, ಜಯ. ಈ ಕಾಯಿ ಎಲ್ಲಿಂದ ಬಂತು ಅಂದ್ಕೊಂಡೆ? ಇಲ್ಲಿನ ಮಾರ್ಕೆಟ್‌ನಲ್ಲಿ ಇಷ್ಟು ಸೊಗಡು ಸಿಗತ್ತಾ?"

"ಎಷ್ಟು ದಿನದಿಂದ?"

"ಕಾರು ಬಂದ ವರ್ಷದಿಂದ. ತಿಂಗಳಿಗೆ ಎರಡ್ಮೂರು ಸಲ. ನೀನು ಪಾರ್ಟ್ ಹಿಡ್ಕೊಂಡು ಆ ಕಡೆ ಹೋಗ್ತಿದ್ದೆ, ನಾವು ಚೀಲ ಹಿಡ್ಕೊಂಡು ಈ ಕಡೆ."

ನಾನು ಜಗಲಿಯ ಅಂಚಿನಲ್ಲಿ ಕೂತೆ. ಹನ್ನೊಂದು ವರ್ಷ ನಾನು ಉಂಡದ್ದು ಸೋದರಮಾವನ ಹೊಲದ ಅವರೆ. ಆ ಮಾವ ಹಬ್ಬಕ್ಕೆಂದು ನಮ್ಮ ಮನೆಗೆ ಬಂದಾಗಲೂ ತುಟಿ ಬಿಚ್ಚಿರಲಿಲ್ಲ. ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಸಿಟ್ಟಿಗಿಂತ ಹೆಚ್ಚಾಗಿ ನಾಚಿಕೆಯಾಯಿತು.

"ನನಗೆ ಒಂದು ಮಾತು ಹೇಳಬಾರದಾಗಿತ್ತಾ?"

"ಹೇಳಿದ್ರೆ ನೀನು ಕಾರು ಬಿಟ್ಬಿಡ್ತಿದ್ದೆ. ಅಮ್ಮನಿಗೆ ಅಂತ ಏನೋ ಆಸೆಪಟ್ಟು ಮಾಡ್ತಾ ಇದ್ದೆ. ಮಾಡ್ಲಿ, ಅಂತ ಸುಮ್ಮನಿದ್ವಿ." ಒಂದು ಹಿಡಿ ಕಾಳನ್ನು ಮೊರದ ಒಂದು ಬದಿಗೆ ಸರಿಸಿದಳು. "ಅಣ್ಣ ಪ್ರತಿಸಲ ಕೇಳ್ತಾನೆ, ಕಾರೆಲ್ಲಿ ಅಂತ. ಹಿಂದೆ ಬರ್ತಾ ಇದೆ ಅಂತೀನಿ."

ಗಾಡಿಯವನನ್ನು ಕಳಿಸಿದೆ. ಸೈಕಲ್ ಹತ್ತಿ ರಿಚರ್ಡ್ಸ್ ಟೌನಿಗೆ ಹೋದೆ. ಪೆರೇರಾ ಸಾಹೇಬರು ಶೆಡ್ಡು ಗುಡಿಸಿ, ಸ್ಪ್ಯಾನರುಗಳನ್ನು ಸೈಜಿನ ಪ್ರಕಾರ ಜೋಡಿಸಿ ಕಾಯುತ್ತಿದ್ದರು. ಆಗುವುದಿಲ್ಲ ಅಂದೆ. ಯಾಕೆ ಎಂದು ಕೇಳಿದರು. ನಮ್ಮ ತಾಯಿ ಸೀಟು ಬಿಡಲ್ಲ ಅಂದರು ಎಂದೆ. (ಅದು ನಿಜವೇ.) ಅವರ ಮುಖ ಸಣ್ಣದಾಯಿತು.

"ಹಾಗಾದ್ರೆ ಸಂಡೇ ಸಂಡೇ ಬಂದು ಹೆಲ್ಪ್ ಮಾಡ್ಲಾ?"

ಬೇಡ ಅಂದುಬಿಟ್ಟೆ. ರೈಲ್ವೆ ಇಂಜನ್ನುಗಳನ್ನೇ ಪಳಗಿಸಿದ ಮನುಷ್ಯ. ಬಿಟ್ಟರೆ ಮೂರು ತಿಂಗಳಲ್ಲಿ ಓಡಿಸಿಬಿಡುತ್ತಾರೆ.

ಈ ಮಾತು ಬಾಯಿಂದ ಬಂದ ಮೇಲೆ ದಾರಿಯುದ್ದಕ್ಕೂ ಯೋಚಿಸಿದೆ. ಇಷ್ಟು ವರ್ಷ ನಾನು ಸ್ಪ್ಯಾನರ್ ತಿರುಗಿಸಿದ್ದು ಅಮ್ಮನಿಗಾಗಿಯೋ, ಭಾನುವಾರಕ್ಕಾಗಿಯೋ? ಮನೆಯವರ ಸುಖಕ್ಕೆಂದು ನಾವು ಹಿಡಿದ ಕೆಲಸಗಳಿವೆಯಲ್ಲ, ಮುಗಿಯದ ಮಾಳಿಗೆ, ನೆಡದ ತೋಟ, ಓಡದ ಕಾರು, ಅವು ಮುಗಿಯಲಿ ಎಂದು ಮನೆಯವರು ನಿಜವಾಗಿ ಕಾಯುತ್ತಿದ್ದಾರಾ? ಒಂದು ಸಲ ಕೇಳಿ ನೋಡಿ. ನಾನು ಹನ್ನೊಂದು ವರ್ಷ ಕೇಳಿರಲಿಲ್ಲ.

ಮುಂದಿನ ಭಾನುವಾರ ಶಪಥ ಮುರಿದೆ. ನಾನೂ ಬರ್ತೀನಿ ಅಂದೆ.

"ಗಫೂರ್ ಸಾಹೇಬರು ಕಾಯ್ತಾರಲ್ಲ?" ಅಂದಳು ಜಯಮ್ಮ. ನಗು ತಡೆದುಕೊಂಡಿದ್ದು ಕಾಣುತ್ತಿತ್ತು.

ದಂಡಿನ ಸ್ಟೇಷನ್ನಿನಲ್ಲಿ ಅಮ್ಮ ಕಂಬ ಹಿಡಿಯಲಿಲ್ಲ, ಕೈಯನ್ನೂ ಕೇಳಲಿಲ್ಲ. ಯಾವ ಡಬ್ಬಿ ಎಲ್ಲಿ ನಿಲ್ಲುತ್ತದೆ ಎಂದು ಅವಳಿಗೆ ಬಾಯಿಪಾಠ. ಕಿಟಕಿಯ ಪಕ್ಕ ಅವಳು, ಅವಳ ಪಕ್ಕ ಜಯಮ್ಮ, ನನಗೆ ಎದುರಿನ ಬೆಂಚಿನ ತುದಿ. ಟಿಕೆಟ್ ನೋಡಲು ಬಂದವರು ಅಮ್ಮನಿಗೆ ನಮಸ್ಕಾರ ಹೇಳಿ, ನನ್ನ ಕಡೆ ನೋಡಿ, "ಇವರು ಯಾರಮ್ಮ?" ಎಂದು ಕೇಳಿದರು.

ಇಳಿದು ಕೆರೆ ಏರಿಯ ಮೇಲೆ ನಡೆದೆವು. ಎರಡೂ ಕಡೆ ಅವರೆ ಹೊಲ, ಮಂಜು ಇನ್ನೂ ಆರಿರಲಿಲ್ಲ. ಮಾವ ಮನೆಯ ಮುಂದೆ ನಿಂತಿದ್ದ. ಹಣೆಗೆ ಕೈ ಅಡ್ಡ ಹಿಡಿದು ನಮ್ಮನ್ನು ನೋಡಿದ, ನಮ್ಮ ಹಿಂದಿನ ದಾರಿಯನ್ನೂ ನೋಡಿದ.

"ಕಾರೆಲ್ಲಿ?"

"ಹಿಂದೆ ಬರ್ತಾ ಇದೆ ಅಣ್ಣ" ಅಂದಳು ಅಮ್ಮ. "ಈ ಸಲ ಡ್ರೈವರ್‌ನ ಮುಂಚೆ ಕರ್ಕೊಂಡ್ಬಂದೆ."