ಮಸಿ ಕಾಗದದ ಐದನೆಯ ಗೆರೆ

ಬಾಗಲಕೋಟೆಯ ವಿದ್ಯಾಗಿರಿಯಾಚೆಯ ಬಯಲಿನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಗಡಿಯಾರ ರಿಪೇರಿಯ ಅಮಾತೆಪ್ಪ ಚಿಮಣಿಯ ಹೊಗೆಗೆ ಕಾಗದದ ಪಟ್ಟಿ ಹಿಡಿದು ಕಪ್ಪಾಗಿಸುತ್ತಿದ್ದಾರೆ. ಪಕ್ಕದಲ್ಲಿ ಬಿದಿರು, ಬಟ್ಟೆಯ ವಿಮಾನ. ಎಂಜಿನ್ ಇಲ್ಲ, ಜೀಪಿಗೆ ಹಗ್ಗ ಕಟ್ಟಿ ಎಳೆದರೆ ಏರುತ್ತದೆ. ಕಾಲೇಜಿನ ನಾಲ್ವರು ವಿದ್ಯಾರ್ಥಿಗಳು ಎರಡು ವರ್ಷ ದುಡಿದು ಕಟ್ಟಿದ್ದು. ಇಂದು ಅದರ ಕುರ್ಚಿಯಲ್ಲಿ ಮರಳಿನ ಚೀಲವಿದೆ. ನಾಳೆ ಅವರಲ್ಲೊಬ್ಬ, ಸಂಗಯ್ಯ, ಕೂರಬೇಕು.

ಹುನಗುಂದದ ಅಮಾತೆಪ್ಪ ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವರು. ಬಾಗಲಕೋಟೆಯ ಬಸ್ ನಿಲ್ದಾಣದ ಬಳಿ ಎರಡು ಮೊಳದ ಅಂಗಡಿ. ದಿನಕ್ಕೆ ಹತ್ತು ಹನ್ನೆರಡು ಗಡಿಯಾರ, ಮೂವತ್ತು ವರ್ಷದಿಂದ.

ಹಾರುವಾಗ ಭಾರ ಎಷ್ಟು ಪಟ್ಟು ಏರುತ್ತದೆಂದು ಬರೆದಿಡುವ ಯಂತ್ರ ವಿದ್ಯಾರ್ಥಿಗಳಿಗೆ ಬೇಕಿತ್ತು. ಪರದೇಶದ್ದಕ್ಕೆ ವಿಮಾನಕ್ಕಿಂತ ಹೆಚ್ಚು ಬೆಲೆ. ಪುಣೆಯಲ್ಲಿ ಸಿಕ್ಕ ಹಳೆಯದು ಅಗ್ಗ, ಆದರೆ ಅದರ ಮುಳ್ಳು ತೋರಿಸುತ್ತದೆ, ಬರೆಯುವುದಿಲ್ಲ. ನೋಡಲು ಒಬ್ಬರು ಒಳಗೆ ಕೂರಲೇಬೇಕು. ಕಡೆಗೆ ಅಮಾತೆಪ್ಪ ತಾವೇ ಒಂದನ್ನು ಮಾಡಿಕೊಟ್ಟರು.

"ಪಂಚಮಿ ಜೋಕಾಲಿ ಕೆಳಗ ಬಂದಾಗ ಮೈ ಭಾರ ಆಗತೈತಲ್ಲ, ಅದನ್ನ ಬರದಿಡೂದು, ಅಷ್ಟ" ಎನ್ನುತ್ತಾರೆ ಅಮಾತೆಪ್ಪ. ಡಬ್ಬಿಯೊಳಗಿನ ಅಲಾರಾಂ ಗಡಿಯಾರ ಮಸಿಯ ಪಟ್ಟಿಯನ್ನು ತಿರುಗಿಸುತ್ತದೆ. ಸ್ಪ್ರಿಂಗಿಗೆ ತೂಗುಬಿಟ್ಟ ಸೀಸದ ಗಟ್ಟಿ, ಅದಕ್ಕೊಂದು ಸೂಜಿ. ಭಾರ ಏರಿದಷ್ಟೂ ಸೂಜಿ ಇಳಿದು ಮಸಿಯ ಮೇಲೆ ಗೀರುತ್ತದೆ. ಖರ್ಚು ನಲವತ್ತೆರಡು ರೂಪಾಯಿ.

"ದೀಪದ ಮಸಿ ಎಲ್ಲಾ ಇಮಾನಕ್ಕ ಹೋತು. ನನ್ನ ಕಣ್ಣಿಗೆ ಕಾಡಿಗಿ ಇಲ್ಲ" ಎಂದು ಮನೆಯಲ್ಲಿ ಹೆಂಡತಿ ಸೋಮವ್ವ ಚುಚ್ಚುತ್ತಾರೆ.

ಹೋದ ವಾರದ ಹಾರಾಟದಲ್ಲಿ ಪಟ್ಟಿಯ ತುಂಬ ಜಿಗುಟು ಕಲೆಯಷ್ಟೇ ಬಂತು. ಗಡಿಯಾರದ ರೂಢಿಯಂತೆ ಅಮಾತೆಪ್ಪ ಸೂಜಿಯ ಬುಡಕ್ಕೂ ಎಣ್ಣೆ ಬಿಟ್ಟಿದ್ದರು. "ಕೈ ತಾನ ಹೋತ್ರಿ. ಎಣ್ಣಿ ಬಿಡದ ಡಬ್ಬಿ ಮುಚ್ಚಿದ್ದು ಗೊತ್ತಿಲ್ಲ ನನಗ." ಈ ಸಲ ಎಲ್ಲವನ್ನೂ ಒರೆಸಿ ಒಣಗಿಸಿದ್ದಾರೆ.

ಜೀಪು ಎಳೆಯುತ್ತದೆ. ವಿಮಾನ ಮೂಗೆತ್ತಿ ಏರಿ, ಒಂದೇ ಕಡೆಗೆ ಬಿಗಿದು ಕಟ್ಟಿದ ಚುಕ್ಕಾಣಿಯಂತೆ ಒಂದು ಸುತ್ತು ಹಾಕಿ, ಮೆತ್ತಗೆ ಇಳಿಯುತ್ತದೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಅಮಾತೆಪ್ಪ ಡಬ್ಬಿ ತೆರೆದು ಪಟ್ಟಿ ಬಿಚ್ಚುತ್ತಾರೆ. ರೆಕ್ಕೆ ಕಟ್ಟಿದ್ದು ಮೂರು ಪಟ್ಟು ಭಾರಕ್ಕೆ. ಹಗ್ಗ ಜಗ್ಗಿದ ಹೊತ್ತಿನ ಗೀರು ಐದು ಪಟ್ಟಿನ ಗುರುತಿನಲ್ಲಿದೆ.

"ಕಾಕಾ, ನಿಮ್ಮ ಮಸಿಡಬ್ಬಿ ಸುಳ್ಳ ಹೇಳತೈತ್ರಿ" ಎಂದು ಸಂಗಯ್ಯ ನಗುತ್ತಾನೆ. "ರೆಕ್ಕಿ ನೋಡ್ರಿ, ಏನೂ ಆಗಿಲ್ಲ."

"ಡಬ್ಬಿಗೆ ಸುಳ್ಳ ಹೇಳಾಕ ಬಾಯಿ ಎಲ್ಲೈತೋ? ಬಾ, ತೂಗಿ ನೋಡೂಣು."

ಸೀಸದ ಗಟ್ಟಿಯ ಕೆಳಗೆ ಅಷ್ಟೇ ತೂಕದ ಗಟ್ಟಿಗಳನ್ನು ಒಂದೊಂದಾಗಿ ಕಟ್ಟುತ್ತಾರೆ. ಒಟ್ಟು ಐದಾದಾಗ ಸೂಜಿ ಅದೇ ಗೀರಿನ ಮೇಲೆ ನಿಲ್ಲುತ್ತದೆ. ನಗು ನಿಲ್ಲುತ್ತದೆ. ಸಂಗಯ್ಯನೇ ಬ್ಲೇಡಿನಿಂದ ರೆಕ್ಕೆಯ ಬುಡದ ಬಟ್ಟೆ ಕೊಯ್ಯುತ್ತಾನೆ. ಒಳಗೆ ಮುಖ್ಯ ಬಿದಿರು ಉದ್ದಕ್ಕೂ ಸೀಳಿದೆ; ಸೀಳಿನಲ್ಲಿ ಕಿರುಬೆರಳು ಹೋಗುತ್ತದೆ. ಹೊರಗಿನ ಬಟ್ಟೆಯ ಮೇಲೆ ಒಂದು ಸುಕ್ಕೂ ಇರಲಿಲ್ಲ.

ಸಂಗಯ್ಯ ಬ್ಲೇಡು ಕೆಳಗಿಟ್ಟು ಅಲ್ಲೇ ಕೂರುತ್ತಾನೆ. ಜೀಪಿನ ಡ್ರೈವರ್ ಮುದಕಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದಾನೆ.

"ನಾಳೆ ಅಂವ ಕುಂತಿದ್ರ..." ಎಂದು ಮುದಕಪ್ಪ ಶುರು ಮಾಡುತ್ತಾನೆ.

"ಆ ಮಾತ ಆಡಬ್ಯಾಡ" ಎಂದು ಅಮಾತೆಪ್ಪ ತಡೆಯುತ್ತಾರೆ.

ರೆಕ್ಕೆಯನ್ನು ಮೊದಲಿಂದ ಕಟ್ಟುತ್ತಾರಂತೆ. ಆರು ತಿಂಗಳಾದರೂ ಬೇಕು. ನಿಮಗೂ ಹಾರುವ ಆಸೆ ಇದೆಯೇ ಎಂದು ನಾನು ಕೇಳಿದರೆ ಅಮಾತೆಪ್ಪ ಇಲ್ಲವೆಂದು ತಲೆಯಾಡಿಸುತ್ತಾರೆ.

"ನಾ ಯಾಕ ಹಾರ್ಲಿ ಯವ್ವಾ? ಒಂದಿನ ಗೀರು ರೆಕ್ಕಿ ತಾಳೂವಷ್ಟರಾಗ ಬರಲಿ. ಆವತ್ತ ಈ ಸಂಗಯ್ಯನ್ನ ನಾನ ಕೈ ಹಿಡದ ಕುರ್ಚ್ಯಾಗ ಕುಂದ್ರಸ್ತೇನಿ."