ಮಿಲ್ಲಿನೊಳಗಿಂದ ಬಂದ ಸಪ್ಪಳ

ಹುಣಸಗಿಯ ನಮ್ಮ ಮನೆಯ ಬಾಗಿಲನ್ನು ನನ್ನ ತಮ್ಮ ಮರಿಲಿಂಗ ಮುಚ್ಚಗೊಡುವುದಿಲ್ಲ. ಮುಚ್ಚಿದರೆ ಯಾರಾದರೂ ಬಡಿದಾರೆಂಬ ಭಯ. ಮೊನ್ನೆ ನಾಯಿ ಒಳಗೆ ನುಗ್ಗಿ ರೊಟ್ಟಿ ಕಚ್ಚಿಕೊಂಡು ಹೋದಾಗ ಅವನಿಗೆ ಬಾಯಿಗೆ ಬಂದಂತೆ ಬೈದೆ. ಆರು ವರ್ಷ ಮುಚ್ಚಿಟ್ಟಿದ್ದನ್ನು ಆಗ ಬಾಯಿಬಿಟ್ಟ.

ಬಳ್ಳಾರಿ ಕಡೆಯ ಒಂದು ಕಾರ್ಖಾನೆಯಲ್ಲಿ ಅವನು ಕಬ್ಬಿಣದ ಅದಿರು ಅರೆಯುವ ಮಿಲ್ಲು ನಡೆಸುತ್ತಿದ್ದ. ಮಿಲ್ಲೆಂದರೆ ಮನೆಯಷ್ಟು ದೊಡ್ಡ ಉಕ್ಕಿನ ಪೀಪಾಯಿ. ಒಳಗೆ ಉಕ್ಕಿನ ಗುಂಡುಗಳು ಉರುಳಿ ಅದಿರನ್ನು ಪುಡಿ ಮಾಡುತ್ತವೆ. ಹೊರಗೆ ನಿಂತು ಸಪ್ಪಳ ಕೇಳಿಯೇ ನೀರು ಕಡಿಮೆಯಾಯಿತು, ಗುಂಡು ಸವೆದಿವೆ ಎನ್ನುತ್ತಿದ್ದ. ಅವನು ಹೇಳಿದಂತೆ ಮಾಡಿದರೆ ಪುಡಿ ನುಣ್ಣಗಾಗುತ್ತಿತ್ತು, ಸಾಹೇಬರು ಬೆನ್ನು ತಟ್ಟುತ್ತಿದ್ದರು. ತಮ್ಮನಾದರೇನು, ಸುಳ್ಳೇಕೆ ಹೇಳಲಿ, ಸೊಕ್ಕು ತಲೆಗೇರಿತ್ತು!

ಒಂದು ಮಧ್ಯಾಹ್ನ ಮಿಲ್ಲು ನಿಲ್ಲಿಸಿ ಒಳಗೋಡೆಯ ಸವೆದ ಉಕ್ಕಿನ ಹಲಗೆಗಳನ್ನು ಬದಲಿಸಿದರು. ಮತ್ತೆ ಚಾಲೂ ಮಾಡುವ ಮುಂಚೆ ಹೊರಗಿನಿಂದ ಸುತ್ತಿಗೆಯಲ್ಲಿ ಬಡಿಯುವುದು ಅಲ್ಲಿಯ ರೂಢಿ. ಒಳಗೆ ಯಾರಾದರೂ ಉಳಿದಿದ್ದರೆ ತಿರುಗಿ ಬಡಿಯುತ್ತಾರೆ. ಮರಿಲಿಂಗ ಬಡಿದ. ಒಳಗಿಂದ ಸಪ್ಪಳ ಬಂತು. "ಗುಂಡು ಜಾರ್ಯಾವ" ಎಂದ. ಅವನ ಕಿವಿಗೆ ಎದುರಾಡುವವರು ಯಾರು? ಸ್ವಿಚ್ ಒತ್ತಿದ. ಒಳಗಿದ್ದವನು ಅವನ ಜೊತೆಗಾರ, ಶಹಾಪುರದ ಸುಲ್ತಾನಸಾಬ.

ಹೇಳದೆ ಕೇಳದೆ ಒಳಗೆ ಹೋಗಿದ್ದ, ತಪ್ಪು ಸತ್ತವನದೇ ಎಂದು ಕಾರ್ಖಾನೆಯವರು ಬರೆದುಕೊಂಡರು. ನನ್ನ ತಮ್ಮ ಅದಕ್ಕೆ ಸಾಕ್ಷಿಯಾಗಿ ಸಹಿ ಹಾಕಿದ.

"ಒಂದ ಸಲ ಸಪ್ಪಳ ಬಂದಿತ್ತಕ್ಕಾ, ಗುಂಡು ಅಂತ ತಿಳದೆ" ಎಂದು ಅತ್ತ.

"ನನ್ನ ಮುಂದ ಅತ್ತರ ಏನ್ ಬಂತು? ಗಂಡಂದ ತಪ್ಪು ಅಂತ ನಂಬಿ ಕುಂತಾಳಲ್ಲ ಮದೀನಾಬೀ, ಆಕಿ ಮುಂದ ಹೇಳು, ನಡಿ!" ಎಂದು ರಟ್ಟೆ ಹಿಡಿದು ಶಹಾಪುರಕ್ಕೆ ಕರೆದೊಯ್ದೆ.

ಸುಲ್ತಾನಸಾಬನ ಹೆಂಡತಿ ಮದೀನಾಬೀ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮರಿಲಿಂಗ ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು. ಕೈ ನಿಂತಿತು.

"ಆರು ವರ್ಷ ಅವ್ರನ್ನ ಬೈಕೋತ ಕುಂತೀನಲ್ರಿ ಅಣ್ಣಾ! ನಮ್ಮನ್ನ ಬಿಟ್ಟು ಹೋಗಾಕ ತಾವಾ ಹೊಕ್ಕರು ಅಂತ." ಆಮೇಲೆ ಮೆಲ್ಲಗೆ ಕೇಳಿದಳು: "ಎಷ್ಟ್ ಸಲ ಬಡದ್ರು?"

ಮರಿಲಿಂಗ ನನ್ನ ಮುಖ ನೋಡಿದ.

"ಮೂರು ಸಲ, ತಂಗಿ. ಮೊದಲನೇದಕ್ಕ ಗುಂಡು ಅಂದ್‌ಬಿಟ್ಟಿದ್ದೆ. ಆಮ್ಯಾಲ ಇನ್ನೆರಡು ಬಂದ್ವು. ಅಷ್ಟ್ ಮಂದಿ ಮುಂದ ಆಡಿದ ಮಾತು ತಿರಗಿಸಾಕ ನಾಚಿಕಿ ಆತು."