ಹೊಟ್ಟೆಗೂ ಮಂಡಿಗೂ ನಡುವೆ

ಆ ಸಿದ್ಧ ಉಡುಪು ಕಾರ್ಖಾನೆಯಲ್ಲಿ ಅವಳ ನಿಜವಾದ ಹೆಸರು ಗೊತ್ತಿದ್ದದ್ದು ಹಾಜರಿ ಪುಸ್ತಕಕ್ಕೆ ಮಾತ್ರ. ಉಳಿದವರಿಗೆಲ್ಲ ಅವಳು ಸೋಪಮ್ಮ. ಹೊಲಿಗೆ ಹಾಲಿನ ಹಿಂದೆ, ಕ್ಯಾಂಟೀನಿನ ಗೋಡೆಗೆ ಅಂಟಿಕೊಂಡಂತಿದ್ದ ಮಕ್ಕಳ ಕೋಣೆಗೆ ಹದಿನೆಂಟು ವರ್ಷದಿಂದ ಅವಳೇ ಆಯಾ. ಕೈ ತೊಳೆಯದ ಮಗುವನ್ನು ಅವಳು ತಟ್ಟೆಯ ಹತ್ತಿರ ಸುಳಿಯಗೊಟ್ಟವಳಲ್ಲ. ಮಗುವನ್ನು ಬಿಡಲು ಬಂದ ಅಪ್ಪಂದಿರಿಗೂ ವಿನಾಯಿತಿ ಇರಲಿಲ್ಲ. "ಮೆಷಿನ್ ಎಣ್ಣೆ ಕೈಯಲ್ಲೇ ಕೂಸಿನ ಕೆನ್ನೆ ಹಿಂಡ್ತೀರಲ್ಲ, ಆ ನಲ್ಲಿ ಏನು ಅಲಂಕಾರಕ್ಕೆ ಹಾಕಿಸಿದ್ದಾ?" ಎಂದು ಗದರುತ್ತಿದ್ದಳು. ಸೋಪಮ್ಮ ಎಂಬ ಹೆಸರು ಬಂದದ್ದು ಹಾಗೆ.

ಓದಿದ್ದು ಏಳನೇ ಇಯತ್ತೆ. ವಯಸ್ಸು ಐವತ್ತೆರಡು. ನೀಲಿ ಬಣ್ಣ ಬಳಿದ ಅರ್ಧ ಬಾಗಿಲು, ಮಕ್ಕಳ ಎತ್ತರಕ್ಕೆ ಕೂರಿಸಿದ ಮೂರು ನಲ್ಲಿ, ಕತ್ತರಿಸಿ ಉಳಿದ ಬಟ್ಟೆ ತುಂಬಿ ಹೊಲಿದ ಹಾಸಿಗೆಗಳು, ಎರಡರಿಂದ ಐದು ವರ್ಷದೊಳಗಿನ ಇಪ್ಪತ್ತಮೂರು ಮಕ್ಕಳು. ಇಷ್ಟು ಅವಳ ರಾಜ್ಯ.

ಊಟಕ್ಕೆ ಮುಂಚೆ ನಲ್ಲಿಯ ಮುಂದೆ ಸಾಲು ನಿಲ್ಲಿಸಿ ಮೈಯ ಹೆಸರು ಹೇಳಿಸುವುದು ಅವಳ ಪದ್ಧತಿ. ಹಣೆ ಎಲ್ಲಿ, ಮೂಗೆಲ್ಲಿ, ಕತ್ತೆಲ್ಲಿ, ಎದೆ ಎಲ್ಲಿ, ಹೊಟ್ಟೆ ಎಲ್ಲಿ? ಹೊಟ್ಟೆ ತಟ್ಟಿದ ಮಕ್ಕಳ ಕೈ ಒಂದೇ ನೆಗೆತಕ್ಕೆ ಮಂಡಿಗೆ ಬೀಳುತ್ತಿತ್ತು. ನಡುವೆ ಏನೋ ಹಳ್ಳವಿದೆ, ಹಾರಿ ದಾಟಬೇಕು ಎಂಬಂತೆ. ಹದಿನೆಂಟು ವರ್ಷ ಅವಳಿಗೆ ಅದು ವಿಚಿತ್ರವೆನಿಸಿರಲಿಲ್ಲ.

ಒಂದು ಸೋಮವಾರ, ಗುಂಡಿ ಹೊಲಿಯುವವಳ ನಾಲ್ಕು ವರ್ಷದ ಮಗಳು ಬಂದು ಸೋಪಮ್ಮನ ಸೆರಗು ಹಿಡಿದಳು.

"ಗುಬ್ಬಚ್ಚಿ ಅಳ್ತಾ ಇದೆ."

"ಅಯ್ಯೋ ಪಾಪ, ಬಾ ನೋಡೋಣ," ಎಂದು ಸೋಪಮ್ಮ ಅವಳನ್ನು ಎತ್ತಿಕೊಂಡು ಕಿಟಕಿಯ ಹತ್ತಿರ ಹೋದಳು. ತಗಡಿನ ಸೂರಿನ ಮೇಲೆ ಎರಡು ಗುಬ್ಬಿಗಳು ಜಗಳವಾಡುತ್ತಿದ್ದವು. ಮಗು ನೋಡಿತು, ನಗಲಿಲ್ಲ. ಮಂಗಳವಾರ ಮತ್ತೆ ಅದೇ ಮಾತು, ಗುಬ್ಬಚ್ಚಿಗೆ ಉರಿಯಂತೆ. ಸೋಪಮ್ಮ ಒಂದು ಬಟ್ಟಲಲ್ಲಿ ನೀರಿಟ್ಟು, "ತಗೋ, ನಿನ್ನ ಗುಬ್ಬಚ್ಚಿ ಕುಡೀಲಿ, ಉರಿ ಹೋಗತ್ತೆ," ಎಂದಳು. ಬುಧವಾರ ಮಧ್ಯಾಹ್ನ ಮಗು ಹಾಸಿಗೆಯಲ್ಲಿ ಗಡಗಡ ನಡುಗುತ್ತಿತ್ತು. ಮೈ ಕಾದ ಹೆಂಚು.

ಮೂತ್ರದ ಸೋಂಕು ಮೇಲೇರಿ ಮೂತ್ರಪಿಂಡ ಮುಟ್ಟಿತ್ತು. ಆಸ್ಪತ್ರೆಯಲ್ಲಿ ಏಳು ದಿನ. ಮಗುವಿನ ತಾಯಿ ಆ ವಾರ ತನ್ನ ಅಮ್ಮನ ಕಣ್ಣಿನ ಆಪರೇಷನ್ನಿಗೆಂದು ತವರಿಗೆ ಹೋಗಿದ್ದಳು. ಬೆಳಿಗ್ಗೆ ಸಂಜೆ ಮಗುವನ್ನು ತಂದು ಒಯ್ಯುತ್ತಿದ್ದ ಅಪ್ಪನಿಗೂ ಗುಬ್ಬಚ್ಚಿ ಎಂದರೆ ಗುಬ್ಬಚ್ಚಿಯೇ. ಅದು ಉಚ್ಚೆ ಹೊಯ್ಯುವ ಜಾಗಕ್ಕೆ ತಾಯಿ ಮಗಳು ತಮ್ಮಿಬ್ಬರಿಗೆಂದೇ ಮಾಡಿಕೊಂಡ ಹೆಸರು.

"ನಾನು ನಿಮಗೆ ಹೇಳ್ಬೇಕಿತ್ತು ಅಕ್ಕ," ಎಂದು ಆಸ್ಪತ್ರೆಯ ವರಾಂಡದಲ್ಲಿ ಗುಂಡಿಯವಳು ಬಿಕ್ಕಿದಳು. "ಹೇಗೆ ಹೇಳ್ಲಿ, ನಾಚಿಕೆ ಆಯ್ತು."

ಸೋಪಮ್ಮ ಅವಳ ಬೆನ್ನು ಸವರಿದಳು. ಎರಡು ದಿನ ಮಗು ಸರಿಯಾಗಿಯೇ ಹೇಳಿತ್ತು. ತಾನು ಹಕ್ಕಿ ತೋರಿಸಿದೆ, ನೀರಿಟ್ಟೆ! ಮನೆಗೆ ಹೋದವಳು ತಟ್ಟೆಗೆ ಕೈ ಹಾಕಲಿಲ್ಲ.

ಮರುದಿನದಿಂದ ಅವಳು ಒಂದು ಕೆಲಸ ಹಿಡಿದಳು. ಮಗುವನ್ನು ಬಿಡಲು ಬಂದ ಪ್ರತಿ ತಾಯಿಯನ್ನೂ ಅರ್ಧ ಬಾಗಿಲಲ್ಲಿ ನಿಲ್ಲಿಸಿ, "ನಿಮ್ಮನೇಲಿ ಆ ಜಾಗಕ್ಕೆ ಏನಂತೀರಿ?" ಎಂದು ಕೇಳಿದಳು. ಕೆಲವರು ಕಿಸಕ್ಕನೆ ನಕ್ಕರು, ಕೆಲವರು ಕಿವಿಯಲ್ಲಿ ಉಸುರಿದರು. ಒಬ್ಬಳು, "ಏನೂ ಅನ್ನಲ್ಲ, ಕಣ್ಣು ಬಿಟ್ರೆ ಸಾಕು, ಅವನಿಗೆ ಗೊತ್ತಾಗತ್ತೆ," ಎಂದಳು. ಡಬ್ಬಿ, ಪೀಪಿ, ನಲ್ಲಿ, ಛೀ ಜಾಗ, ಶೇಮ್ ಶೇಮ್, 'ಅದು', 'ಕೆಳಗಿಂದು'. ಇಪ್ಪತ್ತಮೂರು ಮಕ್ಕಳಿಗೆ ಹದಿನಾಲ್ಕು ಹೆಸರು. ಎರಡು ಮನೆಯಲ್ಲಿ 'ನಲ್ಲಿ' ಎನ್ನುತ್ತಿದ್ದರು. ನಲ್ಲಿಯಲ್ಲಿ ನೋವು ಎಂದು ಮಗು ಬಂದರೆ ತಾನು ಪ್ಲಂಬರನ್ನು ಕರೆಸುತ್ತಿದ್ದೆನೋ ಏನೋ ಎಂದುಕೊಂಡಳು. ನಗು ಬಂತು, ಜೊತೆಗೇ ಮೈ ಉರಿಯಿತು.

ಬೀದಿಯ ಪದಗಳು ಅವಳಿಗೆ ಗೊತ್ತಿಲ್ಲವೆಂದಲ್ಲ. ಬಸ್ ನಿಲ್ದಾಣದ ಪಕ್ಕದ ಸಂದಿಯಲ್ಲಿ ಬೆಳೆದವಳು, ಒಂದೊಂದಕ್ಕೆ ನಾಲ್ಕು ನಾಲ್ಕು ಬಲ್ಲಳು. ಹುಟ್ಟುವಾಗ ಅವೂ ಕೈ ಕಾಲಿನಂಥ ಪದಗಳೇ ಇದ್ದಿರಬೇಕು. ಬೈದೂ ಬೈದೂ ಜನ ಅವನ್ನು ಗಬ್ಬೆಬ್ಬಿಸಿದ್ದಾರೆ. ನೋವೆಂದು ಮಗು ಅಂಥ ಪದ ಆಡಿದರೆ ಮೊದಲು ಸಿಗುವುದು ಏಟು, ಔಷಧಿ ಆಮೇಲೆ.

ಅವಳು ಕಾರ್ಖಾನೆಯ ದವಾಖಾನೆಗೆ ಹೋಗಿ ನರ್ಸಮ್ಮನ ಮುಂದೆ ಸ್ಟೂಲು ಎಳೆದು ಕೂತಳು.

"ಸಿಸ್ಟರ್, ಬೈಗುಳ ಆಗಿರಬಾರದು. ಮುದ್ದಿನ ಹೆಸರೂ ಬೇಡ. ಯಾವ ಊರಿನ ಡಾಕ್ಟರಿಗೆ ಹೇಳಿದ್ರೂ ತಿಳೀಬೇಕು. ಅಂಥ ಪದ ಕೊಡಿ."

ನರ್ಸಮ್ಮ ಹುಬ್ಬೇರಿಸಿದಳು. ಆಮೇಲೆ ಔಷಧಿ ಚೀಟಿಯ ಹಿಂದೆ ಬರೆದಳು: ಶಿಶ್ನ. ಯೋನಿ. "ಸರಿಯಾಗಿ ಹೇಳ್ಬೇಕಂದ್ರೆ ಯೋನಿ ಅನ್ನೋದು ಒಳಗಿನ ದಾರಿ. ಹೊರಗೆ ಕಾಣೋದಕ್ಕೆ ಪುಸ್ತಕದಲ್ಲಿ ಬೇರೆ ಪದ ಇದೆ."

"ನಾಲ್ಕು ವರ್ಷದ್ದಕ್ಕೆ ಒಂದು ಸಾಕು. ಒಳಗೆ ಹೊರಗೆ ದೊಡ್ಡದಾದ ಮೇಲೆ ವಿಂಗಡಿಸ್ಕೊಳ್ಳತ್ತೆ. ಹುಡುಗರ ಆ ಎರಡು ಗುಂಡು?"

"ವೃಷಣ."

ಸೋಪಮ್ಮ ಎರಡು ಸಲ ಹೇಳಿ ನೋಡಿದಳು. ನಾಲಿಗೆ ಹೊರಳಲಿಲ್ಲ. "ಇದು ನನಗೇ ಆಗ್ತಿಲ್ಲ. ಬೀಜ ಅಂತೀನಿ. ಡಾಕ್ಟ್ರು ಅಷ್ಟು ದಡ್ಡರಿರಲ್ಲ."

"ಹಿಂದಿನದಕ್ಕೆ?" ಎಂದಳು ನರ್ಸಮ್ಮ.

"ಕುಂಡಿ. ಅದನ್ನ ನಾನು ಕಲಿಸೋದೇನು ಬಂತು, ಅವೇ ನನಗೆ ದಿನಾ ಕಲಿಸ್ತಾವೆ."

ಚಿತ್ರ ಬೇಕಿತ್ತು. ಕತ್ತರಿ ವಿಭಾಗದ ಮೇಷ್ಟ್ರು ಅಳತೆ ಕಾಗದದ ಮೇಲೆ ಕಣ್ಣು ಮುಚ್ಚಿ ಗೆರೆ ಎಳೆಯುವ ಮನುಷ್ಯ. ಅವರು ಒಂದು ಹುಡುಗ, ಒಂದು ಹುಡುಗಿಯನ್ನು ಸೊಗಸಾಗಿ ಬರೆದುಕೊಟ್ಟರು. ಆದರೆ ಇಬ್ಬರ ಕೈಗಳನ್ನೂ ತಂದು ಮುಂದೆ ಮುಚ್ಚಿಬಿಟ್ಟಿದ್ದರು.

"ಇದೇನು ಮೇಷ್ಟ್ರೇ, ಇಬ್ಬರೂ ಏನೋ ಕದ್ದು ಬಚ್ಚಿಟ್ಟವರ ಹಾಗೆ ನಿಂತಿದ್ದಾರೆ?"

"ಅಲ್ಲಮ್ಮಾ..." ಮೇಷ್ಟ್ರ ಕಿವಿ ಕೆಂಪಾಯಿತು.

"ಕಾಲರಿಗೆ ಕಾಲರ್ ಅಂತೀರಿ, ಜೇಬಿಗೆ ಜೇಬು ಅಂತೀರಿ. ಜೇಬು ಬಿಟ್ಟು ಪ್ಯಾಂಟ್ ಕತ್ತರಿಸಿದ್ರೆ ವಾಪಸ್ ಕಳಿಸ್ತಾರೋ ಇಲ್ವೋ? ಕೈ ಪಕ್ಕಕ್ಕೆ ತೆಗೀರಿ."

ಮೇಷ್ಟ್ರು ರಬ್ಬರ್ ತೆಗೆದುಕೊಂಡರು.

ಒಂದು ಶುಕ್ರವಾರ ನಲ್ಲಿಯ ಸಾಲಿನಲ್ಲಿ ಮಕ್ಕಳು ಮೊದಲ ಸಲ ಹೊಟ್ಟೆಯಿಂದ ನೆಗೆಯದೆ ಇಳಿದರು. ಸೋಪಮ್ಮ ಕೋಲಿನಿಂದ ಚಿತ್ರ ತೋರಿಸಿ, ಮೊಣಕೈ ಎನ್ನುವ ದನಿಯಲ್ಲೇ ಯೋನಿ ಎಂದಳು, ಮೂಗು ಎನ್ನುವ ದನಿಯಲ್ಲೇ ಶಿಶ್ನ ಎಂದಳು. ಯಾರೂ ನಗಲಿಲ್ಲ. ಕುಂಡಿ ಎಂದಾಗ ಮಾತ್ರ ಕೋಣೆಗೆ ಕೋಣೆಯೇ ಬಿದ್ದು ಬಿದ್ದು ನಕ್ಕಿತು. "ಇದು ನನ್ನ ಮೈ. ತೊಳೆಸೋವಾಗ, ಔಷಧಿ ಹಾಕೋವಾಗ ಬಿಟ್ಟು ಇಲ್ಲಿ ಯಾರೂ ಮುಟ್ಟೋ ಹಾಗಿಲ್ಲ. ಮುಟ್ಟಿದ್ರೆ, ನೋವಾದ್ರೆ, ಹೆಸರು ಹಿಡಿದು ಹೇಳ್ತೀನಿ," ಎಂದು ಅವಳು ಹೇಳಿಸಿದಳು. ಎರಡು ವರ್ಷದವನೊಬ್ಬ ಶಿಶ್ನವನ್ನು 'ಚಿಚ್ಚ' ಮಾಡಿದ. ಸದ್ಯಕ್ಕೆ ಪಾಸು ಎಂದು ಬಿಟ್ಟಳು.

ಹತ್ತು ದಿನ ಸುಗಮವಾಗಿ ಕಳೆಯಿತು. ಹನ್ನೊಂದನೆಯ ದಿನ ಮೆಷಿನ್ ರಿಪೇರಿಯವನು ಸ್ಪ್ಯಾನರ್ ಹಿಡಿದುಕೊಂಡೇ ನೀಲಿ ಬಾಗಿಲಿಗೆ ಬಂದ. ಹಿಂದಿನ ಸಂಜೆ ಅವನ ಮನೆಗೆ ನೆಂಟರು ಬಂದಿದ್ದರಂತೆ. ಬಚ್ಚಲಿನಿಂದ ಹೊರಬಂದ ಅಜ್ಜನನ್ನು ಇವನ ಐದು ವರ್ಷದ ಮಗ ಎಲ್ಲರ ಮುಂದೆ, "ಅಜ್ಜ, ಶಿಶ್ನ ತೊಳ್ಕೊಂಡ್ಯಾ?" ಎಂದು ವಿಚಾರಿಸಿದನಂತೆ.

"ನನ್ನ ಮರ್ಯಾದೆ ಮೂರು ಕಾಸಿಗೆ ಹರಾಜಾಯ್ತು. ಇದನ್ನೇನಾ ನೀವು ಕಲಿಸೋದು?"

"ಅಜ್ಜ ತೊಳ್ಕೊಂಡಿದ್ರಾ?" ಎಂದಳು ಸೋಪಮ್ಮ.

ಅದನ್ನು ಕೇಳಬಾರದಿತ್ತು ಎಂದು ಅವಳಿಗೆ ಆಮೇಲೆ ಅನ್ನಿಸಿತು. ಅವನು ನೇರ ಆಫೀಸಿಗೆ ನಡೆದ. ಇನ್ನೂ ಮೂವರು ಅಪ್ಪಂದಿರ ಸಹಿ ಕೂಡಿಸಿ ದೂರು ಕೊಟ್ಟ.

ಮಾರನೆಯ ಬೆಳಿಗ್ಗೆ ವೆಲ್‌ಫೇರ್ ಮೇಡಂ ಕರೆಸಿದರು. ಕಾರ್ಮಿಕರ ಯೋಗಕ್ಷೇಮ ನೋಡಿಕೊಳ್ಳುವ ಅಧಿಕಾರಿ. ಮೂವತ್ತರ ಆಸುಪಾಸಿನ ಹೆಂಗಸು, ಇಸ್ತ್ರಿ ಕೆಡದ ಅಂಗಿ, ಮೇಜಿನ ಮೇಲೆ ಟೈಪು ಮಾಡಿದ ಒಂದು ಹಾಳೆ.

"ಕೂತ್ಕೊಳ್ಳಿ. ದೊಡ್ಡ ವಿಷಯ ಮಾಡೋದು ಬೇಡ. ಈ ಮುಚ್ಚಳಿಕೆಗೆ ಒಂದು ಸಹಿ ಹಾಕಿ."

ಸೋಪಮ್ಮ ಕನ್ನಡಕ ಏರಿಸಿ ಒಂದೊಂದೇ ಅಕ್ಷರ ಓದಿದಳು. ಮಕ್ಕಳಿಗೆ ಅಸಭ್ಯ ಪದಗಳನ್ನು ಕಲಿಸಿದ್ದಕ್ಕೆ ಕ್ಷಮೆ ಕೋರುತ್ತೇನೆ, ಇನ್ನು ಮುಂದೆ ಕಲಿಸುವುದಿಲ್ಲ ಎಂದಿತ್ತು.

"ಇದರಲ್ಲಿ ಪದ ಯಾವುದು ಅಂತ ಬರೆದೇ ಇಲ್ವಲ್ಲ ಮೇಡಂ."

"ನಿಮಗೆ ಗೊತ್ತಲ್ಲ."

"ನಾನು ದಿನಕ್ಕೆ ಸಾವಿರ ಪದ ಆಡ್ತೀನಿ. ಯಾವುದಕ್ಕೆ ಕ್ಷಮೆ ಕೇಳ್ಬೇಕು, ಯಾವುದನ್ನ ಇನ್ಮೇಲೆ ಆಡಬಾರದು ಅಂತ ಕಾಗದ ಹೇಳ್ಬೇಕಲ್ಲ? ಬರೀರಿ, ಹಾಕ್ತೀನಿ."

ಮೇಡಂ ಪೆನ್ನು ತೆಗೆದುಕೊಂಡರು. ಕೆಳಗಿಟ್ಟರು. ಪಕ್ಕದ ಮೇಜಿನ ಟೈಪಿಸ್ಟ್ ಯುವಕ ಇದ್ದಕ್ಕಿದ್ದಂತೆ ಬೀರುವಿನಲ್ಲಿ ಏನನ್ನೋ ಹುಡುಕತೊಡಗಿದ.

"ಹಟ ಮಾಡಬೇಡಿ," ಎಂದರು ಮೇಡಂ. "ಸಹಿ ಹಾಕದಿದ್ರೆ ಮಕ್ಕಳ ಕೋಣೆಯಲ್ಲಿ ಇಟ್ಕೊಳ್ಳೋಕಾಗಲ್ಲ."

ಸೋಪಮ್ಮ ಎದ್ದು ನಿಂತಳು. "ಮೇಡಂ, ನಮ್ಮಮ್ಮ ಎಂಟು ತಿಂಗಳು 'ಕೆಳಗೆ ನೋವು, ಕೆಳಗೆ ನೋವು' ಅಂದ್ಲು. ನಾವು ಹೊಟ್ಟೆಗೆ ಮಾತ್ರೆ ಕೊಟ್ವಿ, ಸೊಂಟಕ್ಕೆ ಎಣ್ಣೆ ತಿಕ್ಕಿದ್ವಿ. ಗರ್ಭಕೋಶದ ಬಾಯಲ್ಲಿ ಕ್ಯಾನ್ಸರ್ ಇತ್ತು. ಡಾಕ್ಟರ ಮುಂದೆ ಕೂತು ಎಲ್ಲಿಂದ ರಕ್ತ ಹೋಗ್ತಿದೆ ಅಂತ ಹೇಳೋಕೆ ಅವಳ ಹತ್ರ ಒಂದು ಪದ ಇರ್ಲಿಲ್ಲ. ನನ್ನ ಹತ್ರಾನೂ ಇರ್ಲಿಲ್ಲ. ಈಗ ಇದೆ. ಕಷ್ಟಪಟ್ಟು ಸಂಪಾದಿಸಿದ್ದು. ವಾಪಸ್ ಕೊಡಲ್ಲ."

ಅವಳನ್ನು ಚಿಂದಿ ವಿಭಾಗಕ್ಕೆ ಹಾಕಿದರು. ನೆಲಮಾಳಿಗೆಯಲ್ಲಿ ಕೂತು, ಕತ್ತರಿಸಿ ಬಿದ್ದ ಬಟ್ಟೆ ಚೂರುಗಳನ್ನು ಬಣ್ಣದ ಪ್ರಕಾರ ಗೋಣಿಗೆ ತುಂಬುವ ಕೆಲಸ. ನೂಲಿನ ಧೂಳಿಗೆ ಮೂಗು ಕಟ್ಟುತ್ತಿತ್ತು. ಮೂರನೆಯ ದಿನ ಅವಳಿಗೆ ಅಳು ಬಂತು. ಯಾರೂ ಇಲ್ಲದ್ದರಿಂದ ಮನಸಾರೆ ಅತ್ತು, ಒಂದು ಹಳದಿ ಚೂರಿನಲ್ಲಿ ಮೂಗೊರೆಸಿ, ಅದನ್ನು ಹಳದಿ ಗೋಣಿಗೇ ಹಾಕಿದಳು. ಸಹಿ ಹಾಕಿಬಿಡಲೇ ಎಂಬ ಯೋಚನೆಯೂ ಒಂದು ಗಳಿಗೆ ಬಂದು ಹೋಯಿತು.

ಅದೇ ದಿನ ಹತ್ತೂವರೆಯ ಚಹಾ ವಿರಾಮಕ್ಕೆ ಗುಂಡಿ ಹೊಲಿಯುವವಳು ಆಫೀಸಿನ ಬಾಗಿಲು ತಟ್ಟಿದಳು.

"ಮೇಡಂ, ಸೋಪಮ್ಮ ನಮ್ಮ ಮಕ್ಕಳಿಗೆ ಕೆಟ್ಟ ಪದ ಕಲಿಸಿದ್ರಂತೆ. ಯಾವ ಪದ ಅಂತ ಹೇಳಿ. ಮನೇಲಿ ನಾನೂ ಆಡದ ಹಾಗೆ ನೋಡ್ಕೋತೀನಿ."

ಮೇಡಂ ಅವಳನ್ನು ಹೇಗೋ ಸಾಗಹಾಕಿದರು. ಹೊರಗೆ ಕಾಲರ್ ಹೊಲಿಯುವವಳು ನಿಂತಿದ್ದಳು. ಅವಳ ಹಿಂದೆ ಇಸ್ತ್ರಿ ಹಾಕುವವಳು, ಆಮೇಲೆ ನೂಲು ಕತ್ತರಿಸುವ ಅಕ್ಕತಂಗಿಯರು. ಎಲ್ಲರದೂ ಅದೇ ವಿನಯ, ಅದೇ ಪ್ರಶ್ನೆ. "ತಪ್ಪು ತಿಳೀಬೇಡಿ ಮೇಡಂ, ಯಾವ ಪದ?" ಮಧ್ಯಾಹ್ನದ ವಿರಾಮಕ್ಕೆ ಸಾಲು ಮೆಟ್ಟಿಲಿನವರೆಗೆ ಬೆಳೆಯಿತು. ಮಾರನೆಯ ದಿನ ಮತ್ತೆ ಹನ್ನೊಂದು ಜನ. ಮಕ್ಕಳೇ ಇಲ್ಲದ ಇಬ್ಬರು ಕೂಡ ಸಾಲಿನಲ್ಲಿದ್ದರು. ಕೇಳಿದ್ದಕ್ಕೆ, "ಮುಂದಕ್ಕೆ ಬೇಕಾಗತ್ತಲ್ಲ," ಎಂದರು.

ಎರಡನೆಯ ದಿನದ ಸಂಜೆ ಇಸ್ತ್ರಿಯವಳು ಮತ್ತೆ ಬಂದಳು. ಮೇಡಂ ತಾಳ್ಮೆ ತಪ್ಪಿ ಮೇಜು ಕುಟ್ಟಿ, "ಯೋನಿ ಕಣ್ರೀ, ಯೋನಿ! ಶಿಶ್ನ! ಸಾಕಾ?" ಎಂದು ಕೂಗಿಬಿಟ್ಟರು.

ಇಸ್ತ್ರಿಯವಳು, "ಇಷ್ಟೇನಾ ಮೇಡಂ? ಇದು ಬೈಗುಳದ ಹಾಗೆ ಕೇಳ್ಸಲಿಲ್ವಲ್ಲ," ಎಂದಳು.

ಮೇಡಂ ಕುರ್ಚಿಗೆ ಒರಗಿದರು. ಆ ಪದ ತಮ್ಮ ಬಾಯಿಂದ ಹೊರಬಿದ್ದದ್ದು ಹುಟ್ಟಿದಂದಿನಿಂದ ಅದೇ ಮೊದಲು ಎಂದು ಅವರು ಸೋಪಮ್ಮನಿಗೆ ಹೇಳಿದ್ದು ಎಷ್ಟೋ ದಿನದ ಮೇಲೆ. ಅಂದು ಅವರು ಮಾಡಿದ್ದು ಇಷ್ಟೇ. ಆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಬುಟ್ಟಿಗೆ ಹಾಕಿ, ನೆಲಮಾಳಿಗೆಗೆ ತಾವೇ ಇಳಿದು ಹೋದರು.

"ನಾಳೆಯಿಂದ ಮೇಲೆ ಬನ್ನಿ. ಆದ್ರೆ ಮಕ್ಕಳಿಗೆ ಕಲಿಸೋ ಮುಂಚೆ ಅಪ್ಪ ಅಮ್ಮಂದಿರನ್ನ ಕೂರಿಸಿ ಹೇಳಿ. ನೀವು ಹೇಳದೇ ಕಲಿಸಿದ್ದು ತಪ್ಪು."

ಸೋಪಮ್ಮ ಗೋಣಿಯ ಬಾಯಿ ಕಟ್ಟುತ್ತ ಯೋಚಿಸಿದಳು. "ಅದು ನನ್ನ ತಪ್ಪೇ. ಅದಕ್ಕೆ ಬೇಕಾದ್ರೆ ಸಹಿ ಹಾಕ್ತೀನಿ, ತನ್ನಿ."

ರಿಪೇರಿಯವನು ಮಾತ್ರ ಒಪ್ಪಲಿಲ್ಲ. ಮಗನನ್ನು ಬಿಡಿಸಿ ತನ್ನ ಅಕ್ಕನ ಮನೆಗೆ ಕಳಿಸಿದ. ಚುರುಕಾದ ಹುಡುಗ. ಚಿಕ್ಕ ಮಕ್ಕಳ ಚಪ್ಪಲಿಯನ್ನು ಕೇಳದೆಯೇ ಜೋಡಿಸಿ ಇಡುತ್ತಿದ್ದವನು. ಹೋಗುವಾಗ ಅವನಿಗೊಂದು ಮಾತು ಹೇಳಲೂ ಆಗಲಿಲ್ಲವಲ್ಲ ಎಂಬುದು ಅವಳನ್ನು ಈಗಲೂ ಚುಚ್ಚುತ್ತದೆ. ಆದರೂ ಅವನಪ್ಪ ಹೊಲಿಗೆ ಹಾಲಿನಲ್ಲಿ ಎದುರಾದಾಗ ಅವಳು ತಲೆ ತಗ್ಗಿಸಲಿಲ್ಲ.

ಮುಂದಿನ ವರ್ಷ ಹೊಸ ಮಕ್ಕಳನ್ನು ಸೇರಿಸುವ ದಿನ ಕ್ಯಾಂಟೀನಿನಲ್ಲಿ ಬೆಂಚು ಹಾಕಿ ಅಪ್ಪ ಅಮ್ಮಂದಿರನ್ನು ಕೂರಿಸಿದರು. ಗೋಡೆಗೆ ಮೇಷ್ಟ್ರ ಚಿತ್ರ. ಸೋಪಮ್ಮ ಒಬ್ಬೊಬ್ಬರನ್ನೇ ಎಬ್ಬಿಸಿ ಹೇಳಿಸತೊಡಗಿದಳು, ಮೊದಲು ನಿಮ್ಮ ನಾಲಿಗೆ ತಿರುಗಲಿ, ಆಮೇಲೆ ಮಕ್ಕಳದ್ದು ಎಂದು. ಗೇಟಿನ ಕಾವಲುಗಾರನ ಸರದಿ ಬಂತು. ಪೊದೆ ಮೀಸೆಯ ದೈತ್ಯ, ಮೂರು ವರ್ಷದ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ. ಎದ್ದು, ಬೂಟಿನ ಕಡೆ ನೋಡಿಕೊಂಡು ಏನೋ ಗೊಣಗಿದ.

"ಕೇಳಿಸ್ಲಿಲ್ಲ ಕಣಪ್ಪ. ಲಾರಿ ನಿಲ್ಲಿಸೋ ಗಂಟಲು ಎಲ್ಲಿ ಹೋಯ್ತು?"

ಅವನು ಮಗಳ ಮುಖ ನೋಡಿದ. ಉಸಿರು ತುಂಬಿಕೊಂಡ. "ಯೋನಿ," ಎಂದ, ಆಫೀಸಿನ ಟೈಪಿನ ಸದ್ದು ನಿಲ್ಲುವಷ್ಟು ಜೋರಾಗಿ.

"ಹಾಂ, ಹಾಗೆ. ಕೂತ್ಕೋ," ಎಂದು ಸೋಪಮ್ಮ ಪಟ್ಟಿಯಲ್ಲಿ ಅವನ ಮುಂದೆ ಗುರುತು ಹಾಕಿ, ಪಕ್ಕದವನನ್ನು ಎಬ್ಬಿಸಿದಳು.